ತೊರೆಮಂಟಪದಲ್ಲಿ ನೋಡತಕ್ಕದ್ದು

ಯಾರಾದರೂ "ನೀವು ಯಾವ ಪೈಕಿ?" ಎಂದು ಕೇಳಿದರೆ ಸಾಕು, ನಮ್ಮ ಯಜಮಾನರು ಊರನ್ನು ವರ್ಣಿಸಲು ಶುರು ಮಾಡುತ್ತಿದ್ದರು. ನಿಜ ಜಾತಿ ಹೇಳಿದರೆ ಬಾಡಿಗೆ ಮನೆ ಸಿಗುವುದಿಲ್ಲ, ಸುಳ್ಳು ಜಾತಿ ಹೇಳಲು ಇವರಿಗೆ ಮನಸ್ಸಿಲ್ಲ. "ನಮ್ಮದು ತೊರೆಮಂಟಪ ಅಮ್ಮಾ, ಎಂಥಾ ಊರು ಅಂತೀರಿ!" ಎಂದು ಹೊರಟರೆಂದರೆ ಕೇಳಿದವರು ತಮ್ಮ ಪ್ರಶ್ನೆಯನ್ನೇ ಮರೆಯಬೇಕು.

ವೈಯಾಲಿಕಾವಲ್‌ನ ಮನೆ ನಮಗೆ ಸಿಕ್ಕಿದ್ದು ಹೀಗೆಯೇ, ಎಪ್ಪತ್ತೆಂಟನೇ ಇಸವಿಯಲ್ಲಿ. ಮುಂಭಾಗದಲ್ಲಿ ಮನೆಯೊಡತಿ ಸರಸ್ವತಮ್ಮ, ಹಿಂಭಾಗದಲ್ಲಿ ನಾವು. ಆಕೆ ಕೆಟ್ಟವರಲ್ಲ. ಬಸುರಿಯ ಬಾಯಿಗೆ ರುಚಿಯಾಗಲಿ ಎಂದು ಉಪ್ಪಿನಕಾಯಿ ಕೊಟ್ಟವರು. ಆದರೆ ಆ ಒಂದು ಪ್ರಶ್ನೆಯನ್ನು ಏನಾದರೂ ನೆಪ ತೆಗೆದು ಕೇಳದೆ ಬಿಡುತ್ತಿರಲಿಲ್ಲ. ಕೇಳಿದಾಗಲೆಲ್ಲ ಇವರು ಊರಿನ ಇನ್ನೊಂದು ಸೊಗಸನ್ನು ಹೊರಗೆ ತೆಗೆಯುತ್ತಿದ್ದರು. ಮೊದಲು ತಾವರೆ ಕೆರೆ, ಆಮೇಲೆ ಗೋಡೆ ತುಂಬ ಬೊಂಬೆ ಕೆತ್ತಿದ ಕಲ್ಲಿನ ಗುಡಿ, ಹುಣಿಸೆ ತೋಪು, ತೋಪಿನಲ್ಲಿ ನವಿಲು, ಗುಡ್ಡದ ಮೇಲೆ ಬೇಸಿಗೆಯಲ್ಲೂ ಬತ್ತದ ದೊಣೆ. ಎಲ್ಲ ನಿಜವೇ. "ಸಾಕು ಮಾಡ್ರೀ. ಆಯಮ್ಮಂಗೆ ಊರು ನೋಡೋ ಆಸೆ ಹುಟ್ಟಿದ್ರೆ ಏನ್ಮಾಡ್ತೀರಿ?" ಎಂದು ನಾನು ತಲೆ ಚಚ್ಚಿಕೊಂಡರೆ ನಗುತ್ತಿದ್ದರು.

ಹುಟ್ಟಿಯೇ ಬಿಟ್ಟಿತು. ನನಗೆ ಒಂಬತ್ತು ತಿಂಗಳು ತುಂಬುತ್ತಿತ್ತು. ಹೆರಿಗೆಗೆಂದು ಅತ್ತೆ ಬೈರಮ್ಮ ಊರಿನಿಂದ ಬಂದಿಳಿದ ಶನಿವಾರ ಸಂಜೆ ಸರಸ್ವತಮ್ಮ ಸಡಗರದಿಂದ ಒಳಗೆ ಬಂದು ಕುಳಿತರು.

"ನಾಳೆ ಟ್ಯಾಕ್ಸಿ ಹೇಳಿದೀನಿ ನರಸಿಂಹಯ್ಯ. ನಮ್ಮೆಜಮಾನ್ರು, ನಾನು, ನೀವು. ಗುಡೀಲಿ ಅಭಿಷೇಕ ಮಾಡಿಸ್ಕೊಂಡು, ಊರೆಲ್ಲ ನೋಡ್ಕೊಂಡು ಬರೋಣ."

ಇವರು ನೆಪ ಹುಡುಕಿದರು. "ನಾಳೆ ಆಫೀಸು..."

"ಭಾನುವಾರ ಎಂಥಾ ಆಫೀಸ್ರೀ?"

"ಕಮಲಂಗೆ ನೋವು ಬಂದ್ರೆ?"

"ನಿಮ್ಮ ತಾಯಿ ಇದಾರಲ್ಲ!"

ಆಕೆಯ ಹತ್ತಿರ ಎಲ್ಲಕ್ಕೂ ಉತ್ತರವಿತ್ತು. ಜಾತಿ ಗೊತ್ತಾದ ಮೇಲೆ ಹಿಂದೆ ಎರಡು ಮನೆ ಬಿಟ್ಟಿದ್ದೆವು. ಈ ಹೊಟ್ಟೆ ಹೊತ್ತುಕೊಂಡು ಇದನ್ನೂ ಬಿಟ್ಟರೆ ಬಾಣಂತನ ಯಾವ ಬೀದಿಯಲ್ಲಿ? ಓಕಳಿಪುರಂನಲ್ಲಿ ನಮ್ಮಪ್ಪನ ಒಂಟಿ ಕೋಣೆಯಲ್ಲಿ ಅಣ್ಣಂದಿರ ಸಂಸಾರಕ್ಕೇ ಕಾಲು ಚಾಚಲು ಜಾಗವಿರಲಿಲ್ಲ.

ಸರಸ್ವತಮ್ಮ ಅತ್ತೆಯ ಕಡೆ ತಿರುಗಿದರು. "ನೀವೇ ಹೇಳಿ ಬೈರಮ್ಮ, ಮೊದ್ಲು ಏನು ನೋಡ್ಬೇಕು?"

ಊರಿನ ಮಾತು ಬಂದರೆ ಅತ್ತೆಯೂ ಮಗನಂತೆಯೇ. "ಬಿಸಿಲೇರೋಕ್ ಮುಂಚೆ ಕೆರೆತಾವ್ಕೆ ಹೋಗ್ಬೇಕು ತಾಯಿ, ತಾವರೆ ಆಗ್ಲೇ ಚೆಂದ. ತೋಪ್ನಾಗೆ ಸದ್ದು ಮಾಡ್ದೆ ಕುಂತ್ರೆ ನವಿಲು ಕಾಲತ್ರಾನೇ ಬರ್ತಾವೆ. ದೊಣೆ ನೀರು ಕುಡೀರಿ, ಹಲ್ಲು ಜುಂ ಅಂತದೆ."

"ಗುಡಿ ಒಳಗೆ ಹೇಗಿದೆ? ದೇವರು ನಿಂತಿದಾನೋ, ಕೂತಿದಾನೋ?"

ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ನಿಂತಿದ್ದಾನೆ ಎನ್ನಲಿ, ಕೂತಿದ್ದಾನೆ ಎನ್ನಲಿ, ಮಲಗಿದ್ದಾನೆ ಎಂದರೂ ಸರಿಯೇ, ಏನಾದರೂ ಒಂದು ಹೇಳಲಿ. ಇವರು ಕೆಮ್ಮಿದರು. ಅತ್ತೆ ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

"ಗೊತ್ತಿಲ್ಲ ತಾಯಿ. ನಮ್ಮನ್ನ ಒಳಕ್ಕೆ ಬಿಡಾಕಿಲ್ಲ. ನಾವು ಕೇರಿಯೋರು."

ಸರಸ್ವತಮ್ಮ ಕೂಗಾಡಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದರು. ಹೊಸ್ತಿಲು ದಾಟಿದ ಮೇಲೆ, "ಹೇಳೋಕೇ ಮರ್ತಿದ್ದೆ ಕಮಲಮ್ಮ. ನನ್ನ ತಮ್ಮ ಮೈಸೂರಿಂದ ಬರ್ತಿದಾನೆ. ತಿಂಗಳ ಕೊನೆಗೆ ಈ ಭಾಗ ಬೇಕಾಗುತ್ತೆ" ಎಂದರು. ನಾವಿದ್ದ ಮನೆಗಳ ಒಡೆಯರಿಗೆಲ್ಲ ಹೀಗೆ ಇದ್ದಕ್ಕಿದ್ದಂತೆ ತಮ್ಮಂದಿರು ಹುಟ್ಟಿಕೊಳ್ಳುತ್ತಾರೆ.

ಆಕೆ ಅತ್ತ ಹೋದದ್ದೇ ಇವರು ಗೋಡೆಗೆ ಹಣೆ ಒತ್ತಿಕೊಂಡು ಅಳುವಂತೆ ಕೂಗಿದರು. "ಒಂದು ಸುಳ್ಳು ಹೇಳೋಕಾಗ್ಲಿಲ್ವೇನಮ್ಮಾ? ಇವಳನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ?"

ನನಗೂ ಅತ್ತೆಯ ಮೇಲೆ ಕೆಟ್ಟ ಕೋಪ ಬಂದಿತ್ತು.

"ಹೇಳ್ಬೋದಾಗಿತ್ತು ಕಣಪ್ಪ," ಎಂದರು ಅತ್ತೆ. "ಹೇಳಿದ್ರೆ ನಾಳೆ ಅವ್ರ ಜೊತೆ ನೀನು ಕಾರ್ನಾಗೆ ಹೋಗ್ಬೇಕಾಗಿತ್ತು. ಮೇಲಿನ ಬೀದಿ ಬಂದೇಟ್ಗೆ ಚಪ್ಪಲಿ ಕೈಗೆ ತಗೋಬೇಕು. ಪಟೇಲ ದೊಡ್ಡಬೈರಪ್ಪ ಜಗಲಿ ಮ್ಯಾಲಿಂದ 'ಏನ್ಲಾ ನರಸಿಂಗ' ಅಂತಾನೆ, ನೀನು ಬಗ್ಗಿ ನಿಂತ್ಕೋತೀಯ. ಅದನ್ನ ಆಯಮ್ಮ ನಿಂತು ನೋಡ್ಬೇಕಿತ್ತಾ? ಮನೆ ಹೋದ್ರೆ ಹೋಗ್ಲಿ ಬಿಡು."

ಇವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮದುವೆಯಾದ ಹೊಸದರಲ್ಲಿ ಮೊದಲ ಸಲ ಆ ಊರಿಗೆ ಹೋದಾಗ ಇವರು ನನ್ನನ್ನು ಮೇಲಿನ ಬೀದಿಯಲ್ಲಿ ಕರೆದೊಯ್ಯಲಿಲ್ಲ. ಸುಡುಬಿಸಿಲಲ್ಲಿ ಕೆರೆ ಏರಿಯ ಮೇಲೆ ಸುತ್ತು ಹಾಕಿಸಿ, ತಾವರೆ ತೋರಿಸುತ್ತಾ, ಹಿಂದಿನಿಂದ ಕೇರಿಗೆ ಮುಟ್ಟಿಸಿದ್ದರು. ಬೆಂಗಳೂರಲ್ಲಿ ಹುಟ್ಟಿ ಬೆಳೆದವಳು ನಾನು, ನನಗೆ ಚೆಂದದ ದಾರಿ ತೋರಿಸುತ್ತಿದ್ದಾರೆ ಎಂದೇ ನಂಬಿದ್ದೆ. ಇವರ ಕಾಲಲ್ಲಿ ಅವತ್ತು ನಮ್ಮಪ್ಪ ಮದುವೆಗೆ ಕೊಡಿಸಿದ ಹೊಸ ಚಪ್ಪಲಿ ಇತ್ತು.