ಎರಡು ಉಸಿರು

ಡಾಕ್ಟರಮ್ಮ ಮತ್ತೊಮ್ಮೆ ಕೀ ತಿರುಗಿಸಿದರು. ಎರಡೇ ಸೀಟಿನ ಅವರ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ಕೆಮ್ಮಿತು, ನಡುಗಿತು, ಗ್ಯಾರೇಜಿನ ಗೇಟಿನ ಎದುರಿಗೇ ನಿಂತುಹೋಯಿತು. ಅದರ ಹಿಂದೆ ಶವದ ವಾಹನ ಕಾಯುತ್ತಿತ್ತು. ಒಳಗೆ ಮೇಸ್ತ್ರಿ ಮಲಗಿದ್ದರು. ಹರೆಯದಿಂದ ತಾವು ರಿಪೇರಿ ಮಾಡಿ ಸಾಕಿದ ಕಾರು ತಮ್ಮ ಮುಂದೆ ಹೋಗಬೇಕೆಂದು ಹೇಳಿದ್ದರು. ಬದುಕಿನಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ.

“ಬೆಳಿಗ್ಗೆಯಿಂದ ಹಟ ಹಿಡಿದಿದೆ. ಯಾರು ಹೋದ್ರು ಅಂತ ಇದಕ್ಕೂ ಗೊತ್ತಾಗಿದೆ,” ಎಂದರು ಡಾಕ್ಟರಮ್ಮ.

ಪಕ್ಕದ ಶೆಡ್ಡಿನ ವೆಲ್ಡರ್ ಬಾನೆಟ್ ಎತ್ತಿ ನೋಡಿ ಕೈಚೆಲ್ಲಿದ. “ಎರಡು ಕಾರ್ಬೊರೇಟರೂ ಒಂದೇ ಸಮ ಗಾಳಿ ಎಳೀತಿಲ್ಲ. ನಂದು ಕಬ್ಬಿಣ ಅಂಟಿಸೋ ಕೈ. ಇದಕ್ಕೆ ಮೇಸ್ತ್ರಿ ಕಿವೀನೇ ಬೇಕು.”

“ಏನ್ ಕಿವಿ ಮಾರಾಯಾ ಅದು! ಗಾಡಿ ಬೀದಿ ತುದೀಲಿ ಕೆಮ್ಮಿದ್ರೆ ಇಲ್ಲಿ ಸ್ಪ್ಯಾನರ್ ಎತ್ಕೊಳ್ತಿದ್ರು,” ಎಂದ ಎದುರಂಗಡಿಯ ದರ್ಜಿ.

ಮೇಸ್ತ್ರಿಯ ಹೆಂಡತಿ ತಲೆ ತಗ್ಗಿಸಿದರು. ಗಂಡನ ಆ ಹೆಸರು ಉಳಿಯಬೇಕಾದರೆ ತಾವು ಸುಮ್ಮನಿರಬೇಕು. ಕಾರು ಹೊರಡಬೇಕಾದರೆ ಸುಮ್ಮನಿರುವಂತಿಲ್ಲ.

*

ಎಷ್ಟೋ ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಅವರು ಶೆಡ್ಡಿಗೆ ಹೋಗಿದ್ದರು. ಇದೇ ಎಂಜಿನ್ ಅಬ್ಬರಿಸುತ್ತಿತ್ತು. ಮೇಸ್ತ್ರಿ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಾರ್ಬೊರೇಟರಿನ ಬಾಯಿಗೂ ಇನ್ನೊಂದನ್ನು ಕಿವಿಗೂ ಹಿಡಿದು ಅಳುತ್ತಿದ್ದರು.

“ಇದರ ಉಸಿರೇ ಕೇಳಿಸ್ತಿಲ್ಲ ಕಣೇ. ಕಿವುಡ ಮೇಸ್ತ್ರಿ ಹತ್ರ ಗಾಡಿ ಬಿಡೋರ್ಯಾರು?”

ಹೆಂಡತಿ ಕೊಳವೆಯನ್ನು ಕಿತ್ತುಕೊಂಡು ತಮ್ಮ ಕಿವಿಗೆ ಹಿಡಿದರು. ಒಂದು ಕಡೆ ಹಾಲು ಉಕ್ಕುವ ಮುಂಚಿನ ಸದ್ದು. ಇನ್ನೊಂದು ಕಡೆ ನಿದ್ದೆಹೋದ ಕೂಸಿನ ಉಸಿರು. ಮೇಸ್ತ್ರಿ ಹೆಂಡತಿಯ ಮುಖವನ್ನೇ ನೋಡುತ್ತ ಸ್ಕ್ರೂ ತಿರುಗಿಸಿದರು. ಅಂದಿನಿಂದ ಅಂಥ ಕೆಲಸವಿದ್ದಾಗಲೆಲ್ಲ ಹೆಂಡತಿ ಚಹಾ ಹಿಡಿದು ಶೆಡ್ಡಿಗೆ ಹೋಗುತ್ತಿದ್ದರು, ಬಾಗಿಲು ಮುಚ್ಚುತ್ತಿತ್ತು.

*

“ಕೊಳವೆ ತಗೊಂಡು ಬಾಮ್ಮಾ,” ಎಂದರು ಮೇಸ್ತ್ರಿಯ ಹೆಂಡತಿ, ಪಕ್ಕದಲ್ಲಿದ್ದ ಮಗಳಿಗೆ. ಆಮೇಲೆ ವೆಲ್ಡರನಿಗೆ, “ಸ್ಕ್ರೂ ನೀನು ತಿರುಗಿಸು. ಎಷ್ಟು ಅಂತ ನಾನು ಹೇಳ್ತೀನಿ.”

ಡಾಕ್ಟರಮ್ಮ ಮತ್ತೆ ಕೀ ತಿರುಗಿಸಿ, ಎಂಜಿನ್ ಆರದಂತೆ ಹದವಾಗಿ ಕಾಲೊತ್ತಿದರು. ಮೇಸ್ತ್ರಿಯ ಹೆಂಡತಿ ಬಾಗಿದರು. “ಎಡಗಡೆ ಸ್ವಲ್ಪ ಬಿಗಿ. ಅಯ್ಯೋ, ಅಷ್ಟಲ್ಲಪ್ಪಾ! ಹಿಂದಕ್ಕೆ. ಹಾಂ... ಇನ್ನು ಬಲಗಡೆ.” ನಡುಕ ಇಳಿಯಿತು, ಕೆಮ್ಮು ನಿಂತಿತು, ಎರಡು ಉಸಿರು ಒಂದೇ ಆಯಿತು. ಶವದ ವಾಹನದ ಚಾಲಕನೂ ಇಳಿದು ಬಂದು ನಿಂತ.

ಅವರು ನೆಟ್ಟಗಾದರು. “ಅವರಿಗೆ ಕಿವಿ ಕೇಳಿಸ್ತಿರಲಿಲ್ಲ. ಎಷ್ಟೋ ವರ್ಷದಿಂದ. ನಾನೇ ಮುಚ್ಚಿಟ್ಟೆ.”

ಯಾರಿಗೂ ಅಚ್ಚರಿಯಾದಂತೆ ಕಾಣಲಿಲ್ಲ.

“ಗೊತ್ತಿತ್ತು ಅಕ್ಕಾ,” ಎಂದ ವೆಲ್ಡರ್ ಮೆಲ್ಲಗೆ. “ಬೀದಿಗೆಲ್ಲಾ ಗೊತ್ತಿತ್ತು. ಅದಕ್ಕೇ ಎದುರು ನಿಂತು, ತುಟಿ ಕಾಣೋ ಹಾಗೆ ಮಾತಾಡ್ತಿದ್ವಿ.”

“ನಾನು ಮೀಸೆ ಬೋಳಿಸಿದ್ದು ಮತ್ಯಾಕೆ?” ಎಂದ ದರ್ಜಿ. “ಚೆಂದ ಕಾಣ್ಲಿ ಅಂತಾನಾ?”

“ಮತ್ತೆ ಈಗ ಆ ಕಿವೀನ ಅಷ್ಟು ಹೊಗಳಿದ್ದು?” ಎಂದು ಕೇಳಿದರು ಮೇಸ್ತ್ರಿಯ ಹೆಂಡತಿ.

“ನಮಗೆ ಗೊತ್ತು ಅಂತ ನಿಮಗೆ ಗೊತ್ತಾಗಬಾರ್ದಿತ್ತಲ್ಲ.”

ಅವರು ಬೀದಿಯ ಒಬ್ಬೊಬ್ಬರ ಮುಖವನ್ನೂ ಹೊಸದಾಗಿ ಕಂಡವರಂತೆ ನೋಡಿದರು.

ಮೊದಲು ದರ್ಜಿ ಶವದ ವಾಹನದ ಬಳಿಗೆ ಹೋದ. ಅವನ ಹಿಂದೆ ವೆಲ್ಡರ್, ಡಾಕ್ಟರಮ್ಮ, ಬೀದಿಯ ಉಳಿದವರು. ಒಬ್ಬೊಬ್ಬರಾಗಿ ಮೇಸ್ತ್ರಿಯ ಮುಖಕ್ಕೆ ಎದುರಾಗಿ, ಬೆಳಕು ತಮ್ಮ ಬಾಯಿಯ ಮೇಲೆ ಬೀಳುವಂತೆ ನಿಂತರು. ದನಿಯಿಲ್ಲದೆ, ತುಟಿಗಳನ್ನು ನಿಧಾನವಾಗಿ ಬಿಡಿಸಿ, ಹೋಗಿಬನ್ನಿ ಎಂದರು.