ಚಂದ್ರಮತಿ ಕೇಳಿದ ಹೆರಿಗೆ ಆಸ್ಪತ್ರೆ

ಚಂದ್ರಮತಿ ತೀರಿಕೊಂಡು ತಿಂಗಳು ತುಂಬುವ ಮೊದಲೇ ಪುರಭವನದಲ್ಲಿ ಸಂತಾಪ ಸಭೆ ಏರ್ಪಾಡಾಯಿತು. ವೇದಿಕೆಯ ಮೇಲೆ ಅವಳ ಪಟ, ಪಟಕ್ಕೆ ಆಳೆತ್ತರದ ಹಾರ. ಪಕ್ಕದ ಕುರ್ಚಿಯಲ್ಲಿ ಅವಳ ಗಂಡ ಷಡಕ್ಷರಿ ಮೇಷ್ಟರು ಕೈಕಟ್ಟಿ ಕೂತಿದ್ದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮನುಷ್ಯ, ಸಭೆಗಳಲ್ಲಿ ಎಂದೂ ಬಾಯಿ ತೆರೆದವರಲ್ಲ. ಹೆಂಡತಿ ಶಾಸಕಿಯಾದ ಮೇಲೂ ಹಿಂದಿನ ಸಾಲಿನಲ್ಲಿ ಕೂತಿದ್ದು, ಭಾಷಣ ಮುಗಿದ ಕೂಡಲೇ ಜಟಕಾ ಹುಡುಕಲು ಎದ್ದು ಹೋಗುತ್ತಿದ್ದರು. ಮೊದಲ ಸಾಲು, ವೇದಿಕೆ ಎಲ್ಲ ಅವಳದು. ಈಗ ಅವಳು ಅಧಿವೇಶನಕ್ಕೆಂದು ಬೆಂಗಳೂರಿಗೆ ಹೋಗಿ, ಅಲ್ಲಿಯೇ ಎದೆನೋವು ಬಂದು ಕಣ್ಣು ಮುಚ್ಚಿದ್ದಳು.

ಒಬ್ಬರು ವೀರವನಿತೆ ಎಂದರು. ಇನ್ನೊಬ್ಬರು ನಲವತ್ತೇಳರ ಜವಾಬ್ದಾರಿ ಸರ್ಕಾರದ ಚಳವಳಿಯಲ್ಲಿ ಅವಳು ಜೈಲಿಗೆ ಹೋದದ್ದನ್ನು ಬಣ್ಣಿಸಿದರು. ಮೇಷ್ಟರಿಗೆ ಆ ಜೈಲಿನ ಬಾಗಿಲು ನೆನಪಾಯಿತು. ತಾವು ಒಯ್ದಿದ್ದ ಕೋಡುಬಳೆಯನ್ನೆಲ್ಲ ಅವಳು ಜೊತೆಯ ಕೈದಿಗಳಿಗೆ ಹಂಚಿಬಿಟ್ಟು, "ಮುಂದಿನ ಸಲ ಇನ್ನೊಂದಿಷ್ಟು ತನ್ನಿ, ನನಗೊಂದೂ ಸಿಗಲಿಲ್ಲ" ಎಂದು ನಕ್ಕಿದ್ದಳು. ಆ ನಗು ಇವರ್ಯಾರ ಮಾತಿನಲ್ಲೂ ಇರಲಿಲ್ಲ.

ಪಕ್ಷದ ಕಾರ್ಯದರ್ಶಿ ರಾಮಯ್ಯ ಕಿವಿಯ ಹತ್ತಿರ ಬಾಗಿದರು. "ಮೇಷ್ಟ್ರೇ, ಉಪಚುನಾವಣೆಗೆ ನೀವೇ ನಿಲ್ಲಬೇಕು. ಜನರ ಅನುಕಂಪ ನಿಮ್ಮ ಕಡೆಗಿದೆ. ತಡ ಮಾಡಿದ್ರೆ ಮರೆತುಬುಡ್ತಾರೆ."

"ಅವಳ ಸೀರೆ ಇನ್ನೂ ತಂತಿ ಮೇಲೇ ಇದೆ ಕಣ್ರೀ," ಎಂದರು ಮೇಷ್ಟರು. "ಅದನ್ನ ತೆಗೆದು ಮಡಿಸೋಕೇ ನನ್ನ ಕೈಲಿ ಆಗ್ತಿಲ್ಲ. ನೀವು ಚುನಾವಣೆ ಅಂತೀರಿ."

ಮಾತಾಡಲು ಅವರ ಹೆಸರು ಕರೆದಾಗ ಎದ್ದು ನಿಂತರು. ಮೈಕಿನ ಮುಂದೆ ಕೈಮುಗಿದರು. ಹಾಗೆಯೇ ಬಂದು ಕೂತುಬಿಟ್ಟರು.

ಹೊರಗೆ ಮೆಟ್ಟಿಲ ಬಳಿ ಕುಂಬಾರಕೊಪ್ಪಲಿನ ಐದಾರು ಹೆಂಗಸರು ಕಾದು ನಿಂತಿದ್ದರು. ಮುಂದಿದ್ದವಳು ಮಾದೇವಮ್ಮ, ಸೊಪ್ಪಿನ ಬುಟ್ಟಿ ಹೊತ್ತು ಚಾಮರಾಜಪುರಂ ಬೀದಿಗಳಲ್ಲಿ ಓಡಾಡುವಾಕೆ, ಮೇಷ್ಟರ ಮನೆಗೂ ಬರುತ್ತಿದ್ದಳು. "ಒಳ್ಗಡೆ ದೊಡ್ಡೋರೆಲ್ಲ ಮಾತಾಡುದ್ರು ಬುದ್ಧಿ. ನಮಗೂ ಅಮ್ಮೋರ ಬಗ್ಗೆ ಮಾತಾಡ್ಬೇಕು ಅನ್ನಿಸ್ತದೆ. ಸ್ವಾಮಾರ ನಮ್ಮನೇಗೆ ಬನ್ನಿ," ಎಂದಳು.

ಸೋಮವಾರ ಮೇಷ್ಟರು ಹೋದರು. ತಗ್ಗು ಹೆಂಚಿನ ಮನೆ. ನಡುಮನೆ ತುಂಬ ಹೆಂಗಸರು ಕೂತಿದ್ದರು. ಪಟವಿರಲಿಲ್ಲ, ಭಾಷಣವಿರಲಿಲ್ಲ. ಒಬ್ಬೊಬ್ಬರೂ ನೆನೆದು ಹೇಳಿದರು: ನಲ್ಲಿ ಹಾಕಿಸಿದ್ದು, ಕುಡಿದು ಬಂದು ಹೊಡೆಯುತ್ತಿದ್ದ ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿ ಬೈದದ್ದು, ಬಿಸಿ ಮುದ್ದೆಗೆ ಉಪ್ಪುಸಾರು ಕೇಳಿ ಹಾಕಿಸಿಕೊಂಡು ಉಂಡದ್ದು. ಮೇಷ್ಟರು ಮೊದಲ ಸಲ ಸಣ್ಣಗೆ ನಕ್ಕರು.

"ಇಲ್ಲಿ ಮಲೀಕತಿದ್ರು," ಎಂದಳು ಮಾದೇವಮ್ಮ, ಗೋಡೆಯ ಪಕ್ಕದ ಜಾಗ ತೋರಿಸಿ. "ಮಧ್ಯಾಹ್ನ ಬರೋರು. 'ಒಂದ್ ಗಳಿಗೆ ಯಾರನ್ನೂ ಬುಡಬ್ಯಾಡ ಮಾದೇವಿ' ಅನ್ನೋರು. ಕಾಲು ಊದ್ಕೊಂಡು ಇಷ್ಟು ದಪ್ಪ ಆಗೋಗಿರೋವು. ನಾನು ಎಣ್ಣೆ ಬಿಸಿ ಮಾಡಿ ತಿಕ್ಕೀವ್ನಿ."

ಮೇಷ್ಟರ ನಗು ಆರಿತು. "ಕಾಲು ಊದ್ತಿತ್ತೇ?"

"ಡಾಕ್ಟ್ರು ಎದೆ ಕೆಟ್ಟದೆ, ಓಡಾಡಬ್ಯಾಡಿ ಅಂದಿದ್ರಂತಲ್ಲ. ನಿಮಗೆ ಗೊತ್ತಿರ್ನಿಲ್ವಾ?"

ಗೊತ್ತಿರಲಿಲ್ಲ. ಅವಳು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಾಗ ಕೇಳಿದ್ದರು. ವಯಸ್ಸಾಯಿತಲ್ಲ ಎಂದು ಹಾರಿಸಿಬಿಟ್ಟಿದ್ದಳು. ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ಉಂಡುಕೊಂಡು, ತಮಗೆ ಗೊತ್ತಾಗದ್ದು ಈಕೆಗೆ ಗೊತ್ತಾಗಿತ್ತು. ಅವರಿಗೆ ಸಿಟ್ಟೇ ಬಂತು.

"ನನಗ್ಯಾಕಮ್ಮ ಹೇಳಲಿಲ್ಲ ಅವಳು?"

"ಹೇಳುದ್ರೆ ನೀವು ರಾಜೀನಾಮೆ ಕೊಡು ಅಂತೀರಿ ಅಂತಿದ್ರು. ಹೆರಿಗೆ ಆಸ್ಪತ್ರೆ ಒಂದಾಗೋಗ್ಲಿ, ಆಮೇಕೆ ನಾನೇ ಹೇಳ್ತೀನಿ ಅಂತಿದ್ರು." ಮಾದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಮಗಳು ಲಕ್ಷ್ಮಿ ದೊಡ್ಡಾಸ್ಪತ್ರೆ ಸೇರಕ್ಕೆ ಮುಂಚೆ ಗಾಡೀಲೇ ಹೋಗ್ಬುಟ್ಲಲ್ಲ, ಮಗೀನೂ ಹೋಯ್ತಲ್ಲ, ಅವತ್ತು ನನ್ನ ಕೈ ಹಿಡ್ಕಂಡು ಮಾತು ಕೊಟ್ಟಿದ್ರು, ಕೊಪ್ಪಲಲ್ಲೇ ಒಂದು ಮಾಡುಸ್ತೀನಿ ಅಂತ."

ಮೇಷ್ಟರು ತಲೆ ತಗ್ಗಿಸಿದರು. ಹೇಳಿದ್ದರೆ ಖಂಡಿತ ಬಿಡಿಸುತ್ತಿದ್ದೆ, ಕಾಲು ಹಿಡಿದಾದರೂ ಬಿಡಿಸುತ್ತಿದ್ದೆ ಎಂದುಕೊಂಡರು. ಅವಳಿಗೂ ಅದು ಗೊತ್ತಿತ್ತು. ಹೆಂಗಸರ ನಡುವೆ ಕೂತು ಗಟ್ಟಿಯಾಗಿ ಅತ್ತರು. ಯಾರೂ ಸಮಾಧಾನ ಹೇಳಲಿಲ್ಲ, ಅವರೂ ಅಳುತ್ತಿದ್ದರು.

ಹೊರಡುವಾಗ ಮಾದೇವಮ್ಮ ಬಾಗಿಲ ತನಕ ಬಂದಳು. "ಇನ್ನು ಆಸ್ಪತ್ರೆ ಕೇಳೋರ್ಯಾರು ಬುದ್ಧಿ?"

ಮರುದಿನವೇ ಮೇಷ್ಟರು ರಾಮಯ್ಯನವರ ಮನೆಗೆ ಹೋಗಿ, ಚುನಾವಣೆಗೆ ನಿಲ್ಲುವುದಿಲ್ಲ, ಆಸ್ಪತ್ರೆಯೊಂದನ್ನು ಮಾತ್ರ ಕೇಳುತ್ತೇನೆ ಎಂದು ಹೇಳಿದರು. ಶಾಲೆಗೆ ರಜೆ ಹಾಕಿ, ಕೊಪ್ಪಲಿನ ಹೆಂಗಸರನ್ನು ಕರೆದುಕೊಂಡು ಬೆಂಗಳೂರಿನ ರೈಲು ಹತ್ತಿದರು. ಆರೋಗ್ಯ ಇಲಾಖೆಯ ಕಚೇರಿಯ ಮೊಗಸಾಲೆಯಲ್ಲಿ ಬೆಳಗಿನಿಂದ ಕಾದ ಮೇಲೆ ಅಧಿಕಾರಿಯೊಬ್ಬ ಕರೆದ. "ಚಂದ್ರಮತಿಯವರೇ ಹೋಗಿಬಿಟ್ಟರಲ್ಲ, ಇನ್ನೇನು ಅವಸರ?" ಎಂದ.

ಮೇಷ್ಟರು ಬಾಯಿ ತೆರೆಯುವ ಮೊದಲೇ ಮಾದೇವಮ್ಮ ಅಂದಳು: "ಅವ್ರು ಹೋದ್ರು ಕಣಪ್ಪ. ಬಸುರೀರು ಕೊಪ್ಪಲಲ್ಲಿ ಇನ್ನೂ ಅವ್ರೆ."

ಅಧಿಕಾರಿ ತಲೆಯೆತ್ತಿ ನೋಡಿ, ಅವರನ್ನು ಕೂರಿಸಿದ. ಆದರೂ ಕೆಲಸ ಒಂದೇ ಸಲಕ್ಕೆ ಆಗಲಿಲ್ಲ. ಮೇಷ್ಟರು ಮತ್ತೆ ಮತ್ತೆ ಹೋದರು. ಹಿಂದಿನ ಸಾಲಿನ ಮನುಷ್ಯ ದೊಡ್ಡವರ ಮೇಜಿನ ಮುಂದೆ ನಿಂತು ಗದರಿ ಕೇಳುವುದನ್ನು ಕಲಿತರು. ಅಂತೂ ಅರವತ್ತೆರಡರಲ್ಲಿ ಕುಂಬಾರಕೊಪ್ಪಲಿನಲ್ಲಿ ಸಣ್ಣದೊಂದು ಹೆರಿಗೆ ಆಸ್ಪತ್ರೆ ಎದ್ದಿತು. ಗೋಡೆಯ ಕಲ್ಲಿನಲ್ಲಿ ಉದ್ಘಾಟನೆ ಮಾಡಿದ ಮಂತ್ರಿಗಳ ಹೆಸರಿತ್ತು, ಚಂದ್ರಮತಿಯ ಹೆಸರಿರಲಿಲ್ಲ. ಮಾದೇವಮ್ಮ ಜಗಳಕ್ಕೆ ನಿಂತಳು. ಮೇಷ್ಟರೇ ಅವಳನ್ನು ತಡೆದು ಕರೆದೊಯ್ದರು. ಆದರೆ ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ.

ಕೆಲವು ವಾರ ಕಳೆದ ಮೇಲೆ, ಶಾಲೆ ಬಿಟ್ಟ ಹೊತ್ತಿನಲ್ಲಿ, ಅವರು ಒಬ್ಬರೇ ಆ ಕಡೆ ನಡೆದುಹೋದರು. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಬಾಗಿಲಲ್ಲಿ ನರ್ಸಮ್ಮ ತಡೆದು ಕೇಳಿದಳು, "ಯಾರ ಕಡೆಯವರು ನೀವು?"

"ಇಲ್ಲಿ ನಮ್ಮವರು ಯಾರೂ ಇಲ್ಲಮ್ಮ," ಎಂದರು ಮೇಷ್ಟರು.

ಅವರ ಮುಖ ನೋಡಿ ನರ್ಸಮ್ಮ ಮತ್ತೇನೂ ಕೇಳದೆ ಪಡಸಾಲೆಯ ಬೆಂಚು ತೋರಿಸಿದಳು. ಒಳಗೆಲ್ಲೋ ಹೆಂಗಸೊಬ್ಬಳು ನರಳುತ್ತಿದ್ದಳು, ಇನ್ನೊಬ್ಬಳು ಧೈರ್ಯ ಹೇಳುತ್ತಿದ್ದಳು. ಮೇಷ್ಟರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ದೀಪ ಹಚ್ಚುವ ತನಕ ಅಲ್ಲೇ ಕೂತಿದ್ದರು.