ಎಲ್ಲವೂ ಎಡದ ತೋಳು

ಬೆಳಿಗ್ಗೆ ಆರು ಗಂಟೆಗೆ ಕೆಳಗಿನ ಹೊಲಿಗೆ ಅಂಗಡಿಯಿಂದ ಶಿಳ್ಳೆ ಕೇಳಿಸಿತು. ಅಣ್ಣ ಆಗಲೇ ಬಟ್ಟೆ ಕತ್ತರಿಸುತ್ತಿದ್ದ.

ಮೆಟ್ಟಿಲಿಳಿಯುತ್ತಿದ್ದ ತಂಗಿ ಅಲ್ಲೇ ನಿಂತಳು. ಆ ಶಿಳ್ಳೆಯ ಓಟ ಅವಳಿಗೆ ಗೊತ್ತಿತ್ತು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತದೆ, ನಡುವೆ ಉಸಿರಿಗೂ ಜಾಗ ಕೊಡುವುದಿಲ್ಲ. ಹೋದ ವರ್ಷ ತನ್ನೊಳಗೆ ಬಿಡಾರ ಹೂಡಿದ್ದದ್ದು ಈಗ ಅಣ್ಣನ ಚಪ್ಪಲಿ ಮೆಟ್ಟಿಕೊಂಡು ಓಡಾಡುತ್ತಿದೆ ಎನಿಸಿತು.

ಇಬ್ಬರದೂ ಒಂದೇ ಕಾಯಿಲೆ, ಬೈಪೋಲಾರ್. ಮನಸ್ಸು ಕೆಲವು ಕಾಲ ಗಗನಕ್ಕೇರುತ್ತದೆ, ಕೆಲವು ಕಾಲ ಪಾತಾಳಕ್ಕಿಳಿಯುತ್ತದೆ. ಡಾಕ್ಟರೂ ಒಬ್ಬರೇ, ಮಾತ್ರೆಯೂ ಒಂದೇ. ಮಿಕ್ಕಿದ್ದೆಲ್ಲ ಬೇರೆ. ಅಣ್ಣ ಹಾಸಿಗೆ ಹಿಡಿದಾಗ ‘ದಣಿದಿದ್ದಾನೆ’ ಎಂದರು. ಅತ್ತಿಗೆ ಮಾತ್ರೆ, ನೀರು ಕೈಗೇ ಕೊಟ್ಟರು. ಎದ್ದ ದಿನವೇ ಕತ್ತರಿ ಮರಳಿ ಸಿಕ್ಕಿತು. ತಂಗಿ ಹಾಸಿಗೆ ಹಿಡಿದಾಗ ಗಂಡ ತವರಿಗೆ ಬಿಟ್ಟುಹೋದ. ಕಟಿಂಗ್‌ನಲ್ಲಿ ಅಣ್ಣನಿಗಿಂತ ಒಂದು ಕೈ ಮೇಲು ಎನಿಸಿಕೊಂಡವಳಿಗೆ ಈಗ ಗುಂಡಿ ಹೊಲಿಯುವ ಕೆಲಸ. ಜೋರಾಗಿ ನಕ್ಕರೆ ಅಮ್ಮ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಹಾಗಾಗಿ ನಗುವನ್ನೂ ಟೇಪು ಹಿಡಿದು ಅಳೆದೇ ನಗುತ್ತಿದ್ದಳು. ಸೋಮವಾರದಿಂದ ಕತ್ತರಿ ಕೊಡುವುದಾಗಿ ಅಮ್ಮ ಒಪ್ಪಿದ್ದರು. ಇವತ್ತೇ ಸೋಮವಾರ.

“ಬಾರೆ,” ಎಂದ ಅಣ್ಣ. ಕಣ್ಣು ಹೊಳೆಯುತ್ತಿದ್ದವು. “ಶಾಲೆಯವರ ಆರ್ಡರ್ ಪೂರ್ತಿ ಕಟ್ ಮಾಡ್ಬಿಟ್ಟೆ. ನಿದ್ದೆ ಯಾರಿಗೆ ಬೇಕು? ಇನ್ನೆರಡು ಅಂಗಡಿ ತೆಗೀತೀನಿ. ಒಂದಕ್ಕೆ ನೀನೇ ಯಜಮಾನಿ.”

ಅವಳು ಕತ್ತರಿಸಿಟ್ಟ ರಾಶಿಯಿಂದ ಅಂಗಿಯ ಎರಡು ತೋಳು ತೆಗೆದು, ಬಟ್ಟೆಯ ಹೊರಮೈ ಮೇಲೆ ಮಾಡಿ ಅಕ್ಕಪಕ್ಕ ಇಟ್ಟಳು. ಎರಡೂ ಒಂದೇ ಕಡೆಗೆ ಬಾಗಿದ್ದವು. ಇನ್ನೆರಡು ತೆಗೆದಳು. ಅವೂ ಹಾಗೇ. ಒಂದು ತೋಳು ಗೆರೆ ಎಳೆದ ಮೇಲೆ ನಮೂನೆಯ ಕಾಗದವನ್ನು ಮಗುಚಿ ಇನ್ನೊಂದಕ್ಕೆ ಎಳೆಯಬೇಕು, ಅಣ್ಣ ಮಗುಚಿರಲಿಲ್ಲ. ರಾಶಿಯೆಲ್ಲ ಎಡದ ತೋಳು.

ಬಾಯಿ ಮುಚ್ಚಿಕೊಂಡಿದ್ದರೆ ಇವತ್ತು ಕತ್ತರಿ ಕೈಗೆ ಬರುತ್ತಿತ್ತು. ಬಾಯಿ ಬಿಟ್ಟರೆ ಏನಾಗುತ್ತದೆಂದೂ ಗೊತ್ತಿತ್ತು. ಆದರೂ ತೋಳುಗಳನ್ನು ಹಿಡಿದುಕೊಂಡೇ ಮೇಲೆ ಅಡುಗೆಮನೆಗೆ ಹೋದಳು.

“ಅಮ್ಮ, ಅಣ್ಣನಿಗೆ ಏರ್ತಾ ಇದೆ. ಇವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ.”

“ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ,” ಎಂದರು ಅಮ್ಮ. “ಗಂಡಸು ನಾಲ್ಕು ದಿನ ಹುರುಪಿನಿಂದ ದುಡಿದ್ರೆ ಅದೂ ರೋಗವಾ?”

“ನಾನು ದುಡಿದಾಗ ರೋಗ ಅಂದ್ರಲ್ಲ.”

“ನೀನು ಬೀದೀಲಿ ನಿಂತು ಹಾಡ್ತಿದ್ದೆ.”

“ಅವನು ಶಿಳ್ಳೆ ಹೊಡೀತಿದಾನೆ. ಅತ್ತಿಗೆ, ನೀವೇ ಹೇಳಿ, ರಾತ್ರಿ ಮಲಗಿದ್ನಾ?”

ಅತ್ತಿಗೆ ಒಲೆಯ ಕಡೆ ತಿರುಗಿದರು. “ಮಾತ್ರೆ ಬೇಡ ಅಂದ್ರು. ಬುದ್ಧಿ ಮಂಕಾಗುತ್ತಂತೆ. ಇವರನ್ನ ಇಷ್ಟು ಖುಷಿಯಾಗಿ ಕಂಡು ಎಷ್ಟು ಕಾಲ ಆಯ್ತು ಕಣೆ.”

ತಂಗಿ ತೋಳುಗಳನ್ನು ಮೇಜಿನ ಮೇಲೆ ಹರಡಿದಳು. ದನಿ ಏರಿತ್ತು, ಕೈ ನಡುಗುತ್ತಿತ್ತು. ಅಮ್ಮ ತೋಳು ನೋಡಲಿಲ್ಲ. ಅವಳ ಕೈ ನೋಡಿದರು.

“ಇದನ್ನ ನೀನು ಕತ್ತರಿಸಿದ್ಯಾ?” ಮೆಲ್ಲಗೆ ಕೇಳಿದರು.

ಒಂದು ಗಳಿಗೆ ಅವಳಿಗೇ ಅನುಮಾನ ಬಂತು. ಕೆಳಗೆ ಶಿಳ್ಳೆ ಹಾಕುತ್ತಿರುವುದು ಅಣ್ಣನೋ, ಇಲ್ಲಾ ತನ್ನದೇ ಹಳೆಯ ದನಿ ಮನೆಯಲ್ಲಿ ಉಳಿದುಬಿಟ್ಟಿದೆಯೋ?

‘ತೀರಾ ಹೆಚ್ಚಾದರೆ ಕೊಡಿ’ ಎಂದು ಡಾಕ್ಟರು ಬರೆದಿದ್ದ ನಿದ್ದೆ ಮಾತ್ರೆಯನ್ನು ಅತ್ತಿಗೆ ತಂದರು. ಅಮ್ಮ ನೀರು ಹಿಡಿದರು. “ನುಂಗ್ಬಿಡು ಮಗಳೆ. ಕತ್ತರಿ ವಿಷಯ ಮುಂದೆ ನೋಡೋಣ.”

ಬೇಡ ಎಂದರೆ ಅದೂ ರೋಗದ ಲಕ್ಷಣವೇ. ನುಂಗಿದಳು.

ಮಧ್ಯಾಹ್ನ ಅಣ್ಣ ಹೊಸ ಅಂಗಡಿ ನೋಡಲೆಂದು ವ್ಯಾನು ತೆಗೆದುಕೊಂಡು ಹೊರಟ. ಸಂಜೆ ಹೆದ್ದಾರಿ ಪೊಲೀಸರಿಂದ ಫೋನು ಬಂತು. ಅತ್ತಿಗೆ ತಂಗಿಯನ್ನು ಎಬ್ಬಿಸಲು ನೋಡಿದರು. ಮಾತ್ರೆಯ ನಿದ್ದೆ ಬಿಡಲಿಲ್ಲ. ಹೊರಗಿನಿಂದ ಬೀಗ ಹಾಕಿ, ಅತ್ತೆ ಸೊಸೆ ಇಬ್ಬರೂ ಆಸ್ಪತ್ರೆಗೆ ಹೋದರು.